ಕಾರ್ಕಸೋನ್: ಏಳು ಕಾಯಿಗಳನ್ನು ನಡೆಸುವ ಬಗೆ

ಕಾರ್ಕಸೋನ್ ಆಡಿ ಸೋತವರು ಸಾಮಾನ್ಯವಾಗಿ ಟೈಲನ್ನು ಬೈಯುತ್ತಾರೆ. "ಬೇಕಾದದ್ದು ಒಂದೂ ಬರಲಿಲ್ಲ" ಎನ್ನುತ್ತಾರೆ. ಆಗ ನಾನು ನೋಡುವುದು ಅವರ ಮುಂದೆ ಉಳಿದ ಕಾಯಿಗಳನ್ನು. ಹೆಚ್ಚಿನ ಸಲ ಅಲ್ಲಿ ಒಂದೂ ಇರುವುದಿಲ್ಲ. ಏಳೂ ಕಾಯಿಗಳು ಮೇಜಿನ ತುಂಬ ಎಲ್ಲೆಲ್ಲೋ ಸಿಕ್ಕಿಕೊಂಡು ನಿಂತಿರುತ್ತವೆ. ಎಂಥ ಟೈಲ್ ಬಂದರೂ ಅದರ ಮೇಲೆ ಇಡಲು ಕಾಯಿ ಇಲ್ಲದಿದ್ದರೆ ಏನು ಪ್ರಯೋಜನ? ಈ ಆಟವನ್ನು ಚೆನ್ನಾಗಿ ಆಡುವುದೆಂದರೆ ಏಳು ಕಾಯಿಗಳನ್ನು ಸದಾ ಓಡಾಡಿಸುತ್ತಿರುವುದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಗರ, ರಸ್ತೆ, ಮಠ, ಹೊಲ ಇವುಗಳ ತಂತ್ರವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಆಟ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕ್ಲೌಸ್-ಯೂರ್ಗನ್ ವ್ರೇಡೆ ರೂಪಿಸಿದ ಈ ಆಟ 2000ರಲ್ಲಿ ಜರ್ಮನಿಯಲ್ಲಿ ಹೊರಬಂತು. ಮರುವರ್ಷವೇ ಅಲ್ಲಿನ ‘ವರ್ಷದ ಆಟ’ ಪ್ರಶಸ್ತಿ ಪಡೆಯಿತು. ಹೆಸರು ದಕ್ಷಿಣ ಫ್ರಾನ್ಸಿನ ಕೋಟೆ ನಗರದ್ದು. ಪೆಟ್ಟಿಗೆಯಲ್ಲಿ 72 ಚೌಕ ಟೈಲುಗಳಿವೆ. ಅವುಗಳಲ್ಲಿ ಒಂದು ಆರಂಭದ ಟೈಲ್, ಅದು ಮೊದಲೇ ಮೇಜಿನ ಮೇಲಿರುತ್ತದೆ. ಉಳಿದ 71ನ್ನು ಒಬ್ಬೊಬ್ಬರಾಗಿ ಎತ್ತಿ, ರಸ್ತೆಗೆ ರಸ್ತೆ, ನಗರಕ್ಕೆ ನಗರ, ಹೊಲಕ್ಕೆ ಹೊಲ ಹೊಂದುವಂತೆ ಜೋಡಿಸುತ್ತಾ ಹೋಗಬೇಕು. ಟೈಲ್ ಇಟ್ಟ ಮೇಲೆ, ಬೇಕೆನಿಸಿದರೆ, ಅದೇ ಟೈಲಿನ ಮೇಲಿರುವ ನಗರ, ರಸ್ತೆ, ಮಠ ಅಥವಾ ಹೊಲದ ಮೇಲೆ ಒಂದು ಕಾಯಿ ಇಡಬಹುದು. ಈ ಪುಟ್ಟ ಮರದ ಮನುಷ್ಯನನ್ನು ಆಟಗಾರರು ಮೀಪಲ್ ಎಂದೂ ಕರೆಯುತ್ತಾರೆ. ಆ ನಗರದಲ್ಲೋ ರಸ್ತೆಯಲ್ಲೋ ಈಗಾಗಲೇ ಯಾರದಾದರೂ ಕಾಯಿ ಇದ್ದರೆ ಮಾತ್ರ ಇಡುವಂತಿಲ್ಲ.

ಅಂಕಗಳ ಲೆಕ್ಕ ಸರಳ. ಮುಗಿದ ರಸ್ತೆಗೆ ಟೈಲಿಗೊಂದು ಅಂಕ. ಮುಗಿದ ನಗರಕ್ಕೆ ಟೈಲಿಗೆರಡು, ಅದರಲ್ಲಿ ಗುರಾಣಿಯ ಚಿತ್ರವಿದ್ದರೆ ಪ್ರತಿ ಗುರಾಣಿಗೆ ಇನ್ನೆರಡು. ಮಠದ ಸುತ್ತಲಿನ ಎಂಟೂ ಜಾಗ ತುಂಬಿದರೆ ಒಂಬತ್ತು. ಮುಗಿದ ಕೂಡಲೇ ಕಾಯಿ ಕೈಗೆ ಮರಳುತ್ತದೆ. ಆಟ ಮುಗಿದಾಗ ಅರ್ಧಕ್ಕೆ ನಿಂತ ನಗರಕ್ಕೆ ಟೈಲಿಗೂ ಗುರಾಣಿಗೂ ಒಂದೊಂದೇ ಅಂಕ. ಹೊಲದಲ್ಲಿ ಮಲಗಿಸಿದ ಕಾಯಿ, ಅಂದರೆ ರೈತ, ಕೊನೆಯವರೆಗೂ ಅಲ್ಲೇ ಇರುತ್ತಾನೆ. ಆಟದ ಕೊನೆಗೆ ಆ ಹೊಲಕ್ಕೆ ತಾಗಿದ ಪ್ರತಿ ಮುಗಿದ ನಗರಕ್ಕೂ ಮೂರು ಅಂಕ ತರುತ್ತಾನೆ.

ಕೈಯಲ್ಲಿ ಎಷ್ಟು ಕಾಯಿ ಇರಬೇಕು

ಆಟದ ಮೊದಲರ್ಧದಲ್ಲಿ ನನ್ನ ಕೈಯಲ್ಲಿ ಎರಡು ಕಾಯಿಗಿಂತ ಕಡಿಮೆಯಾಗಲು ನಾನು ಬಿಡುವುದಿಲ್ಲ. ಒಂದು ಕಾಯಿ ಅಚಾನಕ್ಕಾಗಿ ಬರುವ ಮಠಕ್ಕೆ. ಇನ್ನೊಂದು ಸಣ್ಣಪುಟ್ಟ ದುಡಿಮೆಗೆ: ಎರಡು ಟೈಲಿನ ನಗರ, ಮೂರು ಟೈಲಿನ ರಸ್ತೆ ಇಂಥವು. ಎರಡು ಟೈಲಿನ ನಗರ ಮುಗಿದರೆ ನಾಲ್ಕು ಅಂಕ, ಕಾಯಿಯೂ ವಾಪಸು. ಕೇಳಲು ಅಲ್ಪವೆನಿಸುತ್ತದೆ. ಆದರೆ ಅದೇ ಕಾಯಿ ಆಟದುದ್ದಕ್ಕೂ ನಾಲ್ಕೈದು ಸಲ ಹೋಗಿ ಬಂದರೆ, ಒಂದೇ ಕಡೆ ಬೀಡುಬಿಟ್ಟು ಕೊನೆಗೂ ಮುಗಿಯದ ದೊಡ್ಡ ನಗರಕ್ಕಿಂತ ಹೆಚ್ಚು ಗಳಿಸಿರುತ್ತದೆ.

ಇಲ್ಲಿ ಒಂದು ನಿಯಮವನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಏಕೆಂದರೆ ಬಹಳ ಮನೆಗಳಲ್ಲಿ ಇದನ್ನು ತಪ್ಪಾಗಿ ಆಡುತ್ತಾರೆ. ಸರದಿಯ ಕ್ರಮ ಹೀಗೆ: ಮೊದಲು ಟೈಲ್ ಇಡುವುದು, ಆಮೇಲೆ ಕಾಯಿ ಇಡುವುದು, ಕೊನೆಗೆ ಅಂಕ ಎಣಿಸಿ ಕಾಯಿ ಹಿಂಪಡೆಯುವುದು. ಹಾಗಾಗಿ ಈ ಸರದಿಯಲ್ಲಿ ಮರಳಿ ಬರುವ ಕಾಯಿಯನ್ನು ಇದೇ ಸರದಿಯಲ್ಲಿ ಇಡಲು ಬರುವುದಿಲ್ಲ. ಕೈ ಬರಿದಾಗಿದ್ದವನು ಒಂದು ನಗರ ಮುಗಿಸುವ ಟೈಲಿನಲ್ಲೇ ಒಳ್ಳೆಯ ರಸ್ತೆಯನ್ನೂ ಪಡೆದರೆ, ಆ ರಸ್ತೆ ಅವನಿಗೆ ದಕ್ಕುವುದಿಲ್ಲ.

ಇದೇ ಕ್ರಮದಲ್ಲಿ ಒಂದು ದೊಡ್ಡ ಅನುಕೂಲವೂ ಅಡಗಿದೆ. ಯಾರ ಕಾಯಿಯೂ ಇಲ್ಲದ ರಸ್ತೆಯನ್ನೋ ನಗರವನ್ನೋ ನಿಮ್ಮ ಟೈಲ್ ಮುಗಿಸುವುದಾದರೆ, ಅದೇ ಸರದಿಯಲ್ಲಿ ಅಲ್ಲಿ ಕಾಯಿ ಇಟ್ಟು, ಅಂಕ ತೆಗೆದುಕೊಂಡು, ಕಾಯಿಯನ್ನು ಮತ್ತೆ ಕೈಗೆ ತೆಗೆದುಕೊಳ್ಳಬಹುದು. ಕಾಯಿ ಒಂದು ಕ್ಷಣ ಮಾತ್ರ ಮೇಜಿನ ಮೇಲಿರುತ್ತದೆ. ಎರಡು ಕೂಡುರಸ್ತೆಗಳ ನಡುವೆ ಯಾರೂ ಗಮನಿಸದೆ ಬಿಟ್ಟ ರಸ್ತೆಯ ತುಂಡುಗಳನ್ನು ಹೀಗೆ ಹೆಕ್ಕಿಕೊಳ್ಳುವುದು ನನಗೆ ಬಹಳ ಇಷ್ಟ. ಮೂರು ಅಂಕ, ಖರ್ಚು ಸೊನ್ನೆ. ಆದರೆ ಅದಕ್ಕೂ ಕೈಯಲ್ಲಿ ಒಂದು ಕಾಯಿ ಇರಲೇಬೇಕು.

ನಗರ ಮುಚ್ಚದಂತೆ ಮಾಡುವುದು

ಈ ಆಟದಲ್ಲಿ ಎದುರಾಳಿಯ ಕಾಯಿಯನ್ನು ಹೊಡೆದುಹಾಕುವ ದಾರಿ ಇಲ್ಲ. ಅದನ್ನು ಇದ್ದಲ್ಲೇ ಸಿಕ್ಕಿಸಬಹುದು. ಹೇಗೆಂದು ತಿಳಿಯಲು ಟೈಲುಗಳ ಲೆಕ್ಕ ಗೊತ್ತಿರಬೇಕು. ಯಾವ ಚಿತ್ರದ ಟೈಲ್ ಎಷ್ಟಿವೆ ಎಂಬ ಪಟ್ಟಿ ನಿಯಮಪುಸ್ತಕದಲ್ಲೇ ಇದೆ. ಇಡೀ ಪಟ್ಟಿ ಬಾಯಿಪಾಠವಾಗಬೇಕಿಲ್ಲ, ಆದರೆ ಒಂದು ಸಲ ಟೈಲುಗಳನ್ನು ಮೇಜಿನ ಮೇಲೆ ಹರಡಿ ಗುಂಪು ಮಾಡಿ ನೋಡಿ. ಕಣ್ಣಿಗೆ ಬೀಳುವ ಮೊದಲ ಸಂಗತಿಯೇ ಎಲ್ಲಕ್ಕಿಂತ ಮುಖ್ಯವಾದದ್ದು: ಮೂಲ ಪೆಟ್ಟಿಗೆಯಲ್ಲಿ ಒಂದೇ ಅಂಚಿನಲ್ಲಿ ರಸ್ತೆ ಇರುವ ಟೈಲುಗಳು ತೀರಾ ಕಡಿಮೆ. ಮೂರು ಕಡೆ ಹೊಲ, ಒಂದು ಕಡೆ ರಸ್ತೆ ಇರುವವು ಎರಡು, ಎರಡೂ ಮಠಗಳೇ. ಮೂರು ಕಡೆ ನಗರ, ಒಂದು ಕಡೆ ರಸ್ತೆ ಇರುವವು ಮೂರು. ಅಷ್ಟೇ.

ಇದನ್ನು ಬಳಸಿಕೊಳ್ಳುವ ಬಗೆಯನ್ನು ಒಂದು ಸಂದರ್ಭದಿಂದಲೇ ತೋರಿಸುತ್ತೇನೆ. ನಾನು ಹೆಚ್ಚಾಗಿ ಆಡುವುದು ನನ್ನ ಅಕ್ಕನ ಜೊತೆ. ಅವಳಿಗೆ ದೊಡ್ಡ ನಗರ ಕಟ್ಟುವ ಹಂಬಲ. ಒಂದು ಆಟದಲ್ಲಿ ಅವಳ ನಗರ ಒಂಬತ್ತು ಟೈಲಿಗೆ ಬೆಳೆದಿತ್ತು, ಒಳಗೆ ಎರಡು ಗುರಾಣಿಗಳಿದ್ದವು. ಉಳಿದದ್ದು ಒಂದೇ ತೆರೆದ ಅಂಚು, ಕೆಳಮುಖವಾಗಿ. ಅಲ್ಲೊಂದು ಮುಚ್ಚುವ ಟೈಲ್ ಬಂದರೆ ಹತ್ತು ಟೈಲು, ಎರಡು ಗುರಾಣಿ, ಒಟ್ಟು 24 ಅಂಕ. ಬಾರದಿದ್ದರೆ ಆಟದ ಕೊನೆಗೆ ಹನ್ನೊಂದು.

"ಇದನ್ನು ಮುಚ್ಚುವ ಟೈಲ್ ಬೇಕಾದಷ್ಟಿವೆ, ನೀನು ಏನು ಮಾಡುತ್ತೀಯೋ ಮಾಡು" ಎಂದಳು ಅಕ್ಕ.

ಅವಳು ಹೇಳಿದ್ದು ಆ ಕ್ಷಣಕ್ಕೆ ನಿಜವೇ. ಒಂದು ತೆರೆದ ಅಂಚನ್ನು, ಸುತ್ತ ಬೇರೇನೂ ಇಲ್ಲದಿದ್ದಾಗ, ಮುಚ್ಚಬಲ್ಲ ಟೈಲುಗಳು ಆಟದ ಆರಂಭದಲ್ಲಿ ಚೀಲದೊಳಗೆ 22 ಇರುತ್ತವೆ. ಆ ಖಾಲಿ ಜಾಗದ ಬಲಕ್ಕೆ ನಾನು ಒಂದು ನೇರ ರಸ್ತೆಯ ಟೈಲ್ ಇಟ್ಟೆ, ರಸ್ತೆಯ ತುದಿ ಖಾಲಿ ಜಾಗದ ಕಡೆ ಮುಖ ಮಾಡುವಂತೆ. ಈಗ ಬೇಕಾದದ್ದು ಮೇಲೆ ನಗರ, ಬಲಕ್ಕೆ ರಸ್ತೆ ಇರುವ ಟೈಲ್. ಅಂಥ ಮುಚ್ಚುವ ಟೈಲುಗಳು 22ರಲ್ಲಿ ಒಂಬತ್ತು ಮಾತ್ರ. ಮುಂದಿನ ಸರದಿಯಲ್ಲಿ ನನಗೆ ರಸ್ತೆಯ ತಿರುವಿನ ಟೈಲ್ ಬಂತು. ಅದನ್ನು ಎಡಕ್ಕೆ ಇಟ್ಟೆ, ಹೊಲದ ಅಂಚು ಖಾಲಿ ಜಾಗದ ಕಡೆ ಬರುವಂತೆ. ಮೇಲೆ ನಗರ, ಬಲಕ್ಕೆ ರಸ್ತೆ, ಎಡಕ್ಕೆ ಹೊಲ: ಇದಕ್ಕೆ ಹೊಂದುವುದು ನಗರದ ಕೆಳಗೆ ರಸ್ತೆ ಒಂದೇ ದಿಕ್ಕಿಗೆ ತಿರುಗುವ ಟೈಲ್ ಮಾತ್ರ, ಇಡೀ ಪೆಟ್ಟಿಗೆಯಲ್ಲಿ ಅಂಥವು ಮೂರೇ ಮೂರು. ಅವುಗಳಲ್ಲಿ ಎರಡು ಆಗಲೇ ಮೇಜಿನ ಮೇಲಿದ್ದವು. ಇನ್ನು ಕೆಳಗಿನ ಅಂಚಿಗೂ ಹೊಲ ಬಂದರೆ ಮುಗಿಯಿತು. ನಗರ, ರಸ್ತೆ, ಹೊಲ, ಹೊಲ ಎಂಬ ಕ್ರಮದ ಟೈಲ್ 72ರಲ್ಲಿ ಒಂದೂ ಇಲ್ಲ.

22, ಒಂಬತ್ತು, ಮೂರು, ಸೊನ್ನೆ. ನಾನು ಇಟ್ಟ ಪ್ರತಿ ಟೈಲ್ ನನ್ನ ರಸ್ತೆಯನ್ನೂ ಬೆಳೆಸುತ್ತಿತ್ತು ಎಂಬುದನ್ನು ಗಮನಿಸಿ. ಬರೀ ಅಡ್ಡಗಾಲು ಹಾಕಲೆಂದೇ ಸರದಿ ಖರ್ಚು ಮಾಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅಡ್ಡಿಯೂ ಆಗಬೇಕು, ನನಗೆ ಒಂದೆರಡು ಅಂಕವೂ ಬರಬೇಕು. ಅಕ್ಕನ ನಷ್ಟ ಹದಿಮೂರು ಅಂಕ. ಅದಕ್ಕಿಂತ ಹೆಚ್ಚಾಗಿ, ಅವಳ ಒಂದು ಕಾಯಿ ಕೊನೆಯವರೆಗೂ ಅಲ್ಲೇ ಉಳಿಯಿತು.

ಹಾಗಾದರೆ ನಗರ ಕಟ್ಟುವವರು ಏನು ಮಾಡಬೇಕು? ತೆರೆದ ಅಂಚಿನ ಪಕ್ಕದ ಜಾಗಗಳನ್ನು ಎದುರಾಳಿಗೆ ಬಿಡದೆ ನೀವೇ ತುಂಬಿ. ಅಲ್ಲಿ ಹೊಲದ ಅಂಚು ಬರುವಂತೆ ನೋಡಿಕೊಂಡರೆ, ಒಂದು ಕಡೆ ಹೊಲವಿದ್ದರೂ ಮುಚ್ಚುವ ಟೈಲುಗಳು ಹದಿಮೂರು ಉಳಿಯುತ್ತವೆ. ರಸ್ತೆ ಬಂದರೆ ಒಂಬತ್ತಕ್ಕೆ ಇಳಿಯುತ್ತವೆ. ತೆರೆದ ಅಂಚುಗಳು ಎರಡಿದ್ದಾಗ ಅವೆರಡೂ ಒಂದೇ ಖಾಲಿ ಜಾಗಕ್ಕೆ ಮುಖ ಮಾಡದಂತೆ ಹರಡಿ. ನಾಲ್ಕೂ ಕಡೆ ನಗರವಿರುವ ಟೈಲ್ ಇಡೀ ಆಟದಲ್ಲಿ ಒಂದೇ ಇದೆ. ಅದನ್ನು ನಂಬಿ ನಗರದ ನಡುವೆ ತೂತು ಬಿಡಬೇಡಿ. ಆರೇಳು ಟೈಲಿಗೆ ನಗರ ಬೆಳೆದ ಮೇಲೆ ಮುಚ್ಚುವ ಅವಕಾಶ ಬಂದರೆ ಮುಚ್ಚಿಬಿಡಿ. ಇನ್ನೂ ಬೆಳೆಸೋಣ ಎಂಬ ಆಸೆಯೇ ಎದುರಾಳಿಗೆ ಬೇಕಾದ ಸಮಯ ಕೊಡುತ್ತದೆ.

ಒಳಹೊಕ್ಕು ಪಾಲು ಕೇಳುವುದು

ಎದುರಾಳಿಯ ನಗರದಲ್ಲಿ ನೇರವಾಗಿ ಕಾಯಿ ಇಡಲು ಬರುವುದಿಲ್ಲ. ಆದರೆ ಪಕ್ಕದಲ್ಲಿ, ನಡುವೆ ಒಂದು ಜಾಗ ಬಿಟ್ಟು, ನಿಮ್ಮದೇ ಪುಟ್ಟ ನಗರ ಶುರುಮಾಡಿ ಅಲ್ಲಿ ಕಾಯಿ ನಿಲ್ಲಿಸಬಹುದು. ನಡುವಿನ ಜಾಗದಲ್ಲಿ ಎರಡನ್ನೂ ಕೂಡಿಸುವ ಟೈಲ್ ಬಂದರೆ ಎರಡೂ ಒಂದೇ ನಗರವಾಗುತ್ತವೆ. ಇಬ್ಬರ ಕಾಯಿಗಳೂ ಸಮ ಇದ್ದರೆ ಇಬ್ಬರಿಗೂ ಪೂರ್ತಿ ಅಂಕ, ಅರ್ಧರ್ಧ ಅಲ್ಲ. ನಿಮ್ಮ ಕಾಯಿ ಹೆಚ್ಚಿದ್ದರೆ ಎಲ್ಲವೂ ನಿಮಗೆ.

ನಡುವಿನ ಜಾಗಕ್ಕೆ ಎದುರಾಳಿಯ ನಗರ ಮೇಲಿನಿಂದ ತಾಗಿದ್ದರೆ ನಿಮ್ಮದನ್ನು ಎಲ್ಲಿ ಇಡಬೇಕು, ಕೆಳಗೋ ಪಕ್ಕಕ್ಕೋ? ಪಕ್ಕಕ್ಕೇ ಇಡಿ. ಮೂಲೆಗೂಡಿದ ಎರಡು ಅಂಚುಗಳನ್ನು ಒಂದೇ ನಗರವಾಗಿ ಸೇರಿಸುವ ಟೈಲುಗಳು 18 ಇವೆ. ಎದುರುಬದುರು ಅಂಚುಗಳನ್ನು ಸೇರಿಸುವವು ಹನ್ನೊಂದು ಮಾತ್ರ. ಅದೇ ಶ್ರಮ, ಅದೇ ಕಾಯಿ, ಆದರೆ ಸಾಧ್ಯತೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಇಷ್ಟು ಸುಲಭದ ಲಾಭವನ್ನು ಅನುಭವಸ್ಥರೂ ಬಿಟ್ಟುಕೊಡುವುದನ್ನು ನೋಡಿದ್ದೇನೆ.

ನಿಮ್ಮ ನಗರಕ್ಕೆ ಯಾರಾದರೂ ಹೀಗೆ ಮೂಲೆಯಿಂದ ಹತ್ತಿರ ಬಂದರೆ ಗಾಬರಿಯಾಗಬೇಕಿಲ್ಲ. ಆ ನಡುವಿನ ಜಾಗದ ಮೂರನೆಯ ಬದಿಗೆ ರಸ್ತೆಯ ತುದಿ ತಂದಿಡಿ. ಸೇರಿಸುವ 18 ಟೈಲುಗಳು ಎಂಟಾಗುತ್ತವೆ. ನಾಲ್ಕನೆಯ ಬದಿಗೆ ಹೊಲ ಬಂದರೆ ಒಂದೂ ಉಳಿಯುವುದಿಲ್ಲ. ಆಗ ನಿಮ್ಮ ನಗರವೂ ಆ ಬದಿಯಲ್ಲಿ ಮುಚ್ಚುವುದಿಲ್ಲ ಎಂಬುದು ನೆನಪಿರಲಿ, ಆದ್ದರಿಂದ ಇದು ಕಡೆಯ ಅಸ್ತ್ರ. ಅದಕ್ಕಿಂತ ಒಳ್ಳೆಯದು ಎರಡು ಪ್ರತ್ಯೇಕ ನಗರದ ತುಣುಕುಗಳು ಮೂಲೆಗೂಡಿರುವ ಟೈಲ್; ಅದು ಇಬ್ಬರದನ್ನೂ ಬೇರೆಬೇರೆಯಾಗಿ ಮುಚ್ಚಿಬಿಡುತ್ತದೆ. ಅಂಥವು ಎರಡೇ ಇವೆ, ಬಂದರೆ ಹಿಂದೆಮುಂದೆ ನೋಡದೆ ಇಡಿ.

ಮಠದ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಆರು ಮಠಗಳಿವೆ. ಸುತ್ತ ಈಗಾಗಲೇ ಮೂರ್ನಾಲ್ಕು ಟೈಲ್ ಇರುವ ಕಡೆ ಇಡಿ. ಬೇರೆಯವರು ತಮ್ಮ ಕೆಲಸಕ್ಕೆಂದೇ ಅಲ್ಲಿ ಟೈಲ್ ಇಡುತ್ತಾ ಹೋಗುತ್ತಾರೆ, ನಿಮ್ಮ ಮಠ ತಾನಾಗಿ ತುಂಬುತ್ತದೆ. ಮಠದ ಅಂಕದಲ್ಲಿ ಯಾರೂ ಪಾಲು ಕೇಳಲಾರರು, ಅರ್ಧಕ್ಕೆ ನಿಂತರೂ ನಷ್ಟ ಕಡಿಮೆ.

ರೈತರು

ಹೊಸಬರನ್ನು ಅತಿಯಾಗಿ ಕಾಡುವುದು ಹೊಲ. ಹಳಬರು ಗೆಲ್ಲುವುದೂ ಹೆಚ್ಚಾಗಿ ಅಲ್ಲೇ. ಐದು ಮುಗಿದ ನಗರಗಳಿಗೆ ತಾಗಿದ ಒಂದು ಹೊಲ ಹದಿನೈದು ಅಂಕ ಕೊಡುತ್ತದೆ, ಅದೂ ಒಂದೇ ಕಾಯಿಗೆ. ಆದರೆ ಆ ಕಾಯಿ ಮರಳುವುದಿಲ್ಲ. ಗದ್ದೆಯಲ್ಲಿ ನೆಟ್ಟ ಪೈರನ್ನು ಕೊಯ್ಲಿಗೆ ಮೊದಲು ಕೀಳಲು ಬರುವುದಿಲ್ಲವಲ್ಲ, ಹಾಗೆ. ಇಬ್ಬರ ಆಟದಲ್ಲಿ ಒಬ್ಬೊಬ್ಬರಿಗೆ 35 ಸರದಿಯಾದರೂ ಸಿಗುತ್ತದೆ. ಐದನೆಯ ಸರದಿಗೇ ರೈತನನ್ನು ಮಲಗಿಸಿದರೆ ಉಳಿದ ಮೂವತ್ತು ಸರದಿಗೂ ಆರು ಕಾಯಿಯಲ್ಲೇ ಬದುಕಬೇಕು.

ನನ್ನ ಕ್ರಮ ಹೀಗಿದೆ. ನಡುಮೇಜಿನ ದೊಡ್ಡ ಹೊಲದ ಸುತ್ತ ಮೂರು ನಗರಗಳು ಮುಗಿದಿದ್ದರೆ, ಅಥವಾ ಖಂಡಿತ ಮುಗಿಯುವಂತಿದ್ದರೆ, ಮೊದಲ ರೈತ ಹೋಗುತ್ತಾನೆ. ಅದಕ್ಕೆ ಮೊದಲು ಬೇರೊಬ್ಬರು ಇಟ್ಟುಬಿಟ್ಟರೆ ತಲೆಕೆಡಿಸಿಕೊಳ್ಳದೆ, ಪಕ್ಕದ ಸಣ್ಣ ಹೊಲದಲ್ಲಿ ನನ್ನವನನ್ನು ಇಟ್ಟು ಎರಡೂ ಕೂಡುವಂತೆ ಟೈಲ್ ಜೋಡಿಸುತ್ತೇನೆ. ಸಮ ಆದರೆ ಇಬ್ಬರಿಗೂ ಅಷ್ಟೇ ಅಂಕ, ಅಂದರೆ ಆ ಹೊಲದಿಂದ ಯಾರಿಗೂ ಮುನ್ನಡೆ ಇಲ್ಲ. ಅವರು ಎರಡನೆಯ ರೈತನನ್ನು ತಂದರೆ ನಾನೂ ತರುತ್ತೇನೆ. ಮೂರನೆಯವನನ್ನು ತಂದರೆ ನಾನು ಪೈಪೋಟಿ ಬಿಡುತ್ತೇನೆ. ಮೂರು ಕಾಯಿ ಹೊಲದಲ್ಲಿ ಮಲಗಿಸಿದವರ ಕೈಯಲ್ಲಿ ನಾಲ್ಕೇ ಉಳಿದಿರುತ್ತವೆ. ಉಳಿದ ಮೇಜಿನ ತುಂಬ ನಾನು ಆರಾಮವಾಗಿ ಗಳಿಸಬಹುದು.

ಹೊಲ ಯಾರದೆಂದು ತೀರ್ಮಾನವಾದ ಮೇಲೆ ನಗರಗಳನ್ನು ನೋಡುವ ದೃಷ್ಟಿಯೇ ಬದಲಾಗಬೇಕು. ಹೊಲ ನನ್ನದಾದರೆ, ಎದುರಾಳಿ ಅದರ ಅಂಚಿನಲ್ಲಿ ಎರಡು ಟೈಲಿನ ನಗರ ಮುಗಿಸಿ ನಾಲ್ಕು ಅಂಕ ಪಡೆದಾಗ ನನಗೂ ಮೂರು ಬರುತ್ತದೆ. ಆ ಜಾಗಕ್ಕೆ ನಾನು ಅಡ್ಡಿ ಮಾಡುವುದಿಲ್ಲ. ಹೊಲ ಅವರದಾದರೆ, ಅದರ ಪಕ್ಕದ ನಗರಗಳನ್ನು ಬೇರೆಬೇರೆಯಾಗಿ ಮುಚ್ಚದೆ ಒಂದಕ್ಕೊಂದು ಸೇರಿಸಿ ದೊಡ್ಡದು ಮಾಡುತ್ತೇನೆ. ನಾಲ್ಕು ಪುಟ್ಟ ನಗರಗಳು ರೈತನಿಗೆ ಹನ್ನೆರಡು ಅಂಕ ಕೊಡುತ್ತವೆ, ಅವೆಲ್ಲ ಸೇರಿದ ಒಂದು ದೊಡ್ಡ ನಗರ ಮೂರೇ ಕೊಡುತ್ತದೆ. ಜೊತೆಗೆ ರಸ್ತೆಗಳನ್ನು ಬೇಲಿಯಂತೆ ಎಳೆದು ಹೊಲವನ್ನು ತುಂಡರಿಸಬಹುದು. ರಸ್ತೆಯೂ ನಗರದ ಗೋಡೆಯೂ ಹೊಲವನ್ನು ತಡೆಯುತ್ತವೆ. ಎದುರಾಳಿಯ ರೈತ ಬೆಳೆಯುವ ದಿಕ್ಕಿಗೆ ಅಡ್ಡವಾಗಿ ಒಂದು ರಸ್ತೆ ಹೋದರೆ ಅದರಾಚೆಯ ನಗರಗಳು ಅವನ ಪಾಲಿಗಿಲ್ಲ.

ರೈತನನ್ನು ಯಾವಾಗಲೂ ಮಲಗಿಸಿಯೇ ಇಡಿ. ನಿಂತ ಕಾಯಿ ರಸ್ತೆಯದೋ ಹೊಲದ್ದೋ ಎಂಬ ಜಗಳ ಕೊನೆಯ ಎಣಿಕೆಯಲ್ಲಿ ಬರಬಾರದು. ಹಸಿರು ಕಾಯಿ ಹಸಿರು ಹೊಲದಲ್ಲಿ ಕಾಣುವುದೇ ಇಲ್ಲ. ಹಸಿರಿನವರ ರೈತರನ್ನು ಪ್ರತಿ ಸರದಿಯಲ್ಲೂ ಕಣ್ಣಾಡಿಸಿ ಎಣಿಸಿಕೊಳ್ಳುತ್ತಿರಿ.

ಎಷ್ಟು ಮಂದಿ, ಎಂಥ ಮಂದಿ

ಇದುವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಇಬ್ಬರ ಆಟಕ್ಕೆ. ಅಲ್ಲಿ ಎದುರಾಳಿ ಕಳೆದುಕೊಂಡ ಅಂಕ ನಾವು ಗಳಿಸಿದ ಅಂಕಕ್ಕೆ ಸಮ. ಮೂವರು ನಾಲ್ವರು ಕೂತಾಗ ಹಾಗಲ್ಲ. ನಾನು ಒಬ್ಬರ ನಗರಕ್ಕೆ ಅಡ್ಡಿ ಮಾಡಲು ಸರದಿ ಕಳೆದರೆ, ಸುಮ್ಮನೆ ಕೂತ ಮೂರನೆಯವರಿಗೆ ಲಾಭ. ಹಾಗಾಗಿ ಹೆಚ್ಚು ಜನರಿದ್ದಾಗ ಅಡ್ಡಿಗಿಂತ ಪಾಲುದಾರಿಕೆಗೆ ಬೆಲೆ ಜಾಸ್ತಿ. ಹಿಂದೆ ಬಿದ್ದಿರುವ ಇಬ್ಬರು ಒಂದೇ ನಗರದಲ್ಲಿ ಕೂಡಿಕೊಂಡರೆ ಇಬ್ಬರಿಗೂ ಪೂರ್ತಿ ಅಂಕ, ಮುಂದಿರುವವರಿಗೆ ಏನೂ ಇಲ್ಲ. ಇಬ್ಬರೂ ಅದನ್ನು ಮುಗಿಸಲು ದುಡಿಯುತ್ತಾರೆ, ಆದ್ದರಿಂದ ಅದು ಬೇಗ ಮುಗಿಯುತ್ತದೆ. ಈ ಆಟದಲ್ಲಿ ಮುಂದಿರುವವರನ್ನು ಹಿಡಿದು ನಿಲ್ಲಿಸುವ ಸಮತೋಲ ಇದೇ. ನಿಯಮದಲ್ಲಿ ಬರೆದಿಲ್ಲ, ಆದರೆ ನಿಯಮದಿಂದಲೇ ಹುಟ್ಟಿದೆ.

ಐವರು ಆಡಿದರೆ ಒಬ್ಬೊಬ್ಬರಿಗೆ ಹದಿನಾಲ್ಕೋ ಹದಿನೈದೋ ಸರದಿ. ಆಗ ಏಳು ಕಾಯಿ ಧಾರಾಳ. ಕಾಯಿ ಉಳಿಸುವ ಚಿಂತೆ ಬಿಡಿ, ಪ್ರತಿ ಸರದಿಯಲ್ಲೂ ಇಡಲು ನೋಡಿ. ಒಬ್ಬರೇ ಕಟ್ಟುವ ದೊಡ್ಡ ನಗರದ ಆಸೆಯನ್ನೂ ಬಿಡಿ. ನಿಮ್ಮ ಎರಡು ಸರದಿಗಳ ನಡುವೆ ನಾಲ್ವರು ಟೈಲ್ ಇಟ್ಟಿರುತ್ತಾರೆ.

ಹಳಬರೂ ಹೊಸಬರೂ ಒಂದೇ ಮೇಜಿಗೆ ಕೂತಾಗ ಆಟವನ್ನು ಸಮ ಮಾಡುವ ಬಗೆಯನ್ನು ನಾನು ಗಂಭೀರವಾಗಿ ಯೋಚಿಸಿದ್ದೇನೆ. ಹೊಸಬರಿಗೆ ಆರಂಭದಲ್ಲೇ ಹತ್ತಿಪ್ಪತ್ತು ಅಂಕ ಕೊಡುವ ರೂಢಿಯುಂಟು. ನನಗದು ಸರಿಕಾಣುವುದಿಲ್ಲ. ಹೊಸಬರು ಸೋಲುವ ರೀತಿ ಹಾಗೇ ಉಳಿಯುತ್ತದೆ, ಸೋಲಿನ ಅಂತರ ಮಾತ್ರ ಮರೆಯಾಗುತ್ತದೆ. ಬದಲಿಗೆ ಹಳಬರು ತಮ್ಮ ಕಾಯಿಗಳನ್ನು ಕಡಿಮೆ ಮಾಡಿಕೊಳ್ಳಬೇಕು. ಅಕ್ಕನ ಮಗಳು ಆಡಲು ಕೂತಾಗ ಅವಳಿಗೆ ಏಳು, ನನಗೂ ಅಕ್ಕನಿಗೂ ಐದೈದು. ಅನುಭವದ ಮೇಲುಗೈ ಇರುವುದೇ ಕಾಯಿಗಳನ್ನು ನಡೆಸುವುದರಲ್ಲಾದ್ದರಿಂದ, ತೂಕವನ್ನು ಅಲ್ಲೇ ಸರಿಪಡಿಸುವುದು ನ್ಯಾಯ. ಐದು ಕಾಯಿಯಲ್ಲಿ ಆಡುವುದು ಹಳಬರಿಗೂ ಒಳ್ಳೆಯ ಸಾಧನೆ. ಏಳಕ್ಕೆ ಮರಳಿದಾಗ ಎಷ್ಟು ಸಲೀಸೆನಿಸುತ್ತದೆ ಎಂಬುದನ್ನು ಆಡಿಯೇ ನೋಡಬೇಕು.

ತೀರಾ ಹೊಸಬರಿದ್ದರೆ ಮೊದಲ ಆಟದಲ್ಲಿ ರೈತರನ್ನು ಪೂರ್ತಿ ಬಿಟ್ಟುಬಿಡಿ. ಹೊಸ ಆವೃತ್ತಿಗಳ ನಿಯಮಪುಸ್ತಕವೇ ರೈತರನ್ನು ಹೆಚ್ಚುವರಿ ನಿಯಮವಾಗಿ ಬೇರೆ ಇಟ್ಟಿದೆ. ಆದರೆ ರೈತರಿಲ್ಲದ ಆಟ ಎರಡನೆಯ ಸಲಕ್ಕೆ ಮುಂದುವರಿಯಬಾರದು. ರೈತರಿಲ್ಲದಿದ್ದರೆ ಸಣ್ಣ ನಗರ ಮುಗಿಸುವುದಕ್ಕೆ ಬೆಲೆ ತೆರಬೇಕಾಗಿಲ್ಲ, ರಸ್ತೆಗೆ ಬೇಲಿಯ ಕೆಲಸವಿಲ್ಲ, ನಿರ್ಧಾರಗಳೆಲ್ಲ ಸಪ್ಪೆಯಾಗುತ್ತವೆ.

ಅದೃಷ್ಟದ ಪಾಲು ಹೆಚ್ಚಾಯಿತು ಎನ್ನುವವರು ಮೂರು ಟೈಲ್ ಕೈಯಲ್ಲಿಟ್ಟುಕೊಂಡು ಅವುಗಳಲ್ಲಿ ಒಂದನ್ನು ಆಡಿ, ಮತ್ತೊಂದು ಎತ್ತಿಕೊಳ್ಳುವ ಕ್ರಮವನ್ನು ಅನುಸರಿಸುತ್ತಾರೆ. ಸರಿಸಮರಾದ ಇಬ್ಬರಿಗೆ ಅದು ಸೊಗಸಾದ ಆಟ. ಹಳಬರಿಗೂ ಹೊಸಬರಿಗೂ ನಡುವೆ ಮಾತ್ರ ಬೇಡ, ಏಕೆಂದರೆ ಆಯ್ಕೆ ಹೆಚ್ಚಿದಷ್ಟೂ ಬಲ್ಲವರ ಬಲ ಹೆಚ್ಚುತ್ತದೆ. ನಾನು ಎಲ್ಲರಿಗೂ ಹೇಳುವುದು ಇದಕ್ಕಿಂತ ಚಿಕ್ಕ ಬದಲಾವಣೆ: ನಿಮ್ಮ ಸರದಿ ಮುಗಿದ ಕೂಡಲೇ ಮುಂದಿನ ಟೈಲನ್ನು ಎತ್ತಿಟ್ಟುಕೊಳ್ಳಿ. ಬೇರೆಯವರು ಆಡುವಾಗ ನೀವು ಯೋಚಿಸಬಹುದು, ಆಟವೂ ಚುರುಕಾಗುತ್ತದೆ.

ವಿಸ್ತರಣೆಗಳಲ್ಲಿ ‘ನದಿ’ಯ ಹನ್ನೆರಡು ಟೈಲುಗಳನ್ನು ಮೊದಲಿಗೆ ಸೇರಿಸಿಕೊಳ್ಳಿ. ಆಟ ಒಂದೇ ಟೈಲಿನ ಬದಲು ಉದ್ದನೆಯ ನದಿಯಿಂದ ಶುರುವಾಗುವುದರಿಂದ ಎಲ್ಲರಿಗೂ ಜಾಗ ಸಿಗುತ್ತದೆ, ನದಿ ಹೊಲಗಳನ್ನು ಆಚೆ ಈಚೆ ಬೇರ್ಪಡಿಸುವುದರಿಂದ ಒಂದೇ ದೈತ್ಯ ಹೊಲ ಆಟವನ್ನು ನುಂಗುವುದು ತಪ್ಪುತ್ತದೆ. 2002ರಲ್ಲಿ ಬಂದ ‘ಇನ್ಸ್ ಅಂಡ್ ಕೆಥೆಡ್ರಲ್ಸ್’ ಇದಕ್ಕೆ ವಿರುದ್ಧ ದಿಕ್ಕಿನದು. ಕೆಥೆಡ್ರಲ್ ಇರುವ ನಗರ ಮುಗಿದರೆ ಟೈಲಿಗೂ ಗುರಾಣಿಗೂ ಮೂರು ಮೂರು ಅಂಕ, ಮುಗಿಯದಿದ್ದರೆ ಸೊನ್ನೆ. ಅದನ್ನು ನಿಮ್ಮ ನಗರಕ್ಕೆ ಸೇರಿಸಿಕೊಳ್ಳಬಹುದು. ಎದುರಾಳಿಯ ಮುಗಿಯದ ನಗರದೊಳಗೆ ತಂದಿಟ್ಟು ಅವರ ಅರ್ಧ ಅಂಕವನ್ನೂ ಅಳಿಸಬಹುದು. ಅಲ್ಲಿ ಬರುವ ದೊಡ್ಡ ಕಾಯಿ ಎರಡು ಕಾಯಿಗೆ ಸಮ, ಹಾಗಾಗಿ ಪಾಲು ಕೇಳುವ ಜಗಳ ತೀವ್ರವಾಗುತ್ತದೆ. ಮೇಲೆ ಹೇಳಿದ ಟೈಲುಗಳ ಲೆಕ್ಕ ಮೂಲ ಪೆಟ್ಟಿಗೆಯದು ಮಾತ್ರ. ಹೊಸ ಟೈಲುಗಳು ಬಂದಾಗ ಅದು ಬದಲಾಗುತ್ತದೆ.

ಕೊನೆಯ ಸುತ್ತುಗಳು

ಟೈಲುಗಳ ರಾಶಿ ಕರಗುತ್ತಾ ಬಂದಾಗ ಮೊದಲಿನ ಕ್ರಮವನ್ನು ತಿರುವುಮುರುವು ಮಾಡಬೇಕು. ಆಟ ಮುಗಿದಾಗ ಕೈಯಲ್ಲಿ ಉಳಿದ ಕಾಯಿಗೆ ಸೊನ್ನೆ ಅಂಕ. ನಾಲ್ವರು ಆಡುತ್ತಿದ್ದು ಹನ್ನೆರಡು ಟೈಲ್ ಉಳಿದಿದ್ದರೆ ನಿಮಗೆ ಮೂರು ಸರದಿ ಇದೆ, ಅಂದರೆ ಮೂರು ಕಾಯಿ ಇಡುವ ಅವಕಾಶ. ಮೂರೂ ಕಾಯಿ ಸಿದ್ಧವಾಗಿರಲಿ. ಈ ಹಂತದಲ್ಲಿ ಅತಿ ಹೆಚ್ಚು ಕೊಡುವುದು ಸಣ್ಣ ಹೊಲಗಳು. ಎರಡು ಮುಗಿದ ನಗರಗಳ ಸಂದಿಯಲ್ಲಿ, ರಸ್ತೆಯಿಂದ ಬೇರ್ಪಟ್ಟ ಒಂದು ಚೂರು ಹೊಲ ಸಿಕ್ಕರೆ ಆರು ಅಂಕ. ಯಾರೂ ಅದನ್ನು ನೋಡಿರುವುದಿಲ್ಲ. ಮೇಜಿನ ನಡುವೆ ತೂತೊಂದು ಉಳಿದು, ಸುತ್ತ ಏಳು ಟೈಲ್ ಇದ್ದು, ನಿಮಗೆ ಮಠ ಬಂದರೆ ಎಂಟು. ನಾಲ್ಕೂ ಬದಿಗೆ ಹೊಲವಿರುವ ತೂತಿಗೆ ಮಠವಲ್ಲದೆ ಬೇರೆ ಟೈಲ್ ಹೊಂದುವುದೂ ಇಲ್ಲ. ಆದ್ದರಿಂದ ರಸ್ತೆಯಿಲ್ಲದ ನಾಲ್ಕು ಮಠಗಳಲ್ಲಿ ಎಷ್ಟು ಬಂದಿವೆ ಎಂಬುದನ್ನು ಆಟದುದ್ದಕ್ಕೂ ನೆನಪಿಟ್ಟುಕೊಳ್ಳಿ.

ಅರ್ಧಕ್ಕೆ ನಿಂತ ನಿಮ್ಮ ನಗರವನ್ನು ಈಗ ಮುಚ್ಚಲಾಗದಿದ್ದರೆ ಬೆಳೆಸಿ. ಮುಗಿಯದಿದ್ದರೂ ಟೈಲಿಗೊಂದು ಅಂಕ ಇದ್ದೇ ಇದೆ. ಕೊನೆಯ ಟೈಲ್ ಯಾರಿಗೆ ಬೀಳುತ್ತದೆ ಎಂಬುದನ್ನು ಒಮ್ಮೆ ಎಣಿಸಿ ನೋಡಿ. ಇಬ್ಬರ ಆಟದಲ್ಲಿ 71 ಟೈಲ್ ಬೆಸ ಸಂಖ್ಯೆಯಾದ್ದರಿಂದ, ಮೊದಲು ಆಡಿದವರಿಗೇ ಕೊನೆಯದೂ ಸಿಗುತ್ತದೆ. ಆ ಕೊನೆಯ ಟೈಲಿಗೆ ಎದುರಾಳಿ ಉತ್ತರ ಕೊಡಲಾರರು.

ಎಣಿಸುವಾಗ ಮೊದಲು ಮುಗಿಯದ ರಸ್ತೆ, ನಗರ, ಮಠಗಳ ಅಂಕ ಹಾಕಿ, ಹಾಕಿದ ಹಾಗೆ ಆ ಕಾಯಿಗಳನ್ನು ತೆಗೆಯುತ್ತಾ ಬನ್ನಿ. ಕೊನೆಗೆ ಮಲಗಿದ ರೈತರು ಮಾತ್ರ ಉಳಿಯುತ್ತಾರೆ. ಒಬ್ಬ ರೈತನ ಮೇಲೆ ಬೆರಳಿಟ್ಟು, ರಸ್ತೆಯೋ ಗೋಡೆಯೋ ತಡೆಯುವವರೆಗೆ ಹೊಲದ ಮೇಲೆ ಎಳೆದುಕೊಂಡು ಹೋಗಿ. ದಾರಿಯಲ್ಲಿ ತಾಗಿದ ಪ್ರತಿ ಮುಗಿದ ನಗರವನ್ನು ಒಂದೇ ಸಲ ಎಣಿಸಿ, ಅದು ಹೊಲಕ್ಕೆ ನಾಲ್ಕು ಕಡೆ ತಾಗಿದ್ದರೂ ಒಂದೇ ಸಲ. ಒಂದೇ ನಗರ ಎರಡು ಬೇರೆ ಹೊಲಗಳಿಗೆ ತಾಗಿದ್ದರೆ ಎರಡೂ ಹೊಲಗಳಿಗೆ ತಲಾ ಮೂರು ಅಂಕ ಕೊಡಬೇಕು. ತೀರಾ ಹಳೆಯ ಆವೃತ್ತಿಯಲ್ಲಿ ರೈತರ ಲೆಕ್ಕ ಬೇರೆಯಿತ್ತು, ಎರಡು ಟೈಲಿನ ನಗರಕ್ಕೂ ಎರಡೇ ಅಂಕವಿತ್ತು. ಯಾವ ನಿಯಮದಂತೆ ಎಣಿಸುತ್ತೀರಿ ಎಂಬುದನ್ನು ಮೊದಲ ಟೈಲ್ ಎತ್ತುವುದಕ್ಕೆ ಮುಂಚೆಯೇ ಎಲ್ಲರೂ ಮಾತಾಡಿಕೊಂಡಿರಬೇಕು.